ಮಂಡಿ ಚೇತರಿಕೆಗೆ ಎಕ್ಸರ್‌ಸೈಜ್ ಸೈಕಲ್: ಎರಡು ವರ್ಷ ಬಳಸಿದ ಮೇಲಿನ ವಿಮರ್ಶೆ

ಇದು ನೆಟ್ಟಗೆ ಕೂತು ತುಳಿಯುವ ಸಾಧಾರಣ ಮ್ಯಾಗ್ನೆಟಿಕ್ ಸೈಕಲ್, ಅಂದರೆ ಆಯಸ್ಕಾಂತದಿಂದ ಪೆಡಲ್ ಬಿಗಿಯಾಗುವಂಥದ್ದು. ಬೆಲ್ಟ್ ಡ್ರೈವ್, 8 ಹಂತದ ಬಿಗಿ, ಚಿಕ್ಕದೊಂದು ಡಿಸ್‌ಪ್ಲೇ. ಕೊಳ್ಳುವಾಗ ಎಲ್ಲರೂ ಡಿಸ್‌ಪ್ಲೇ ನೋಡುತ್ತಾರೆ. ಪೆಟ್ಟು ತಿಂದ ಮಂಡಿಗೆ ಬೇಕಾದದ್ದು ಸೀಟಿನ ಕಂಬ.

ಪೆಡಲ್ ತೀರಾ ಕೆಳಗೆ ಬಂದಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟಿನ ಎತ್ತರ ಇದಕ್ಕೆ ಸರಿಯಿದೆಯೇ ಎಂದು ಅಳೆಯಲು ಸುಲಭದ ದಾರಿಯಿದೆ: ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಬೇಕಾದಷ್ಟು ಬಾಗು ತಾನೇ ಬರುತ್ತದೆ. ಸೀಟು ತಗ್ಗಾದರೆ ಪೆಡಲ್ ಮೇಲೆ ಬರುವಾಗ ಮಂಡಿ ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಬಿದ್ದು ಮುಂಭಾಗ ನೋಯುತ್ತದೆ. ಎತ್ತರ ಹೆಚ್ಚಾದರೆ ಸೊಂಟ ಅತ್ತಿತ್ತ ಜಾರುತ್ತದೆ, ಮಂಡಿಯ ಹಿಂಬದಿ ಎಳೆಯುತ್ತದೆ. ಈ ಸೈಕಲ್ಲಿನ ದೊಡ್ಡ ಕೊರತೆ ಇಲ್ಲೇ ಇದೆ. ಕಂಬದ ತೂತುಗಳ ನಡುವೆ 2.5 ಸೆಂ.ಮೀ. ಅಂತರ, ಒಂದು ತೂತು ತಗ್ಗು, ಮುಂದಿನದು ಎತ್ತರ ಅನ್ನಿಸುವುದುಂಟು. ಆಗ ಮೇಲಿನ ತೂತಿಗೇ ಪಿನ್ ಹಾಕಿ ದಪ್ಪ ಅಟ್ಟೆಯ ಶೂ ತೊಟ್ಟರೆ ಸರಿಹೋಗುತ್ತದೆ.

ಪೆಡಲ್ ಪೂರ್ತಿ ಒಂದು ಸುತ್ತು ಬರಲು ಮಂಡಿ ಸುಮಾರು 105ರಿಂದ 110 ಡಿಗ್ರಿ ಮಡಚಬೇಕು. ಅಷ್ಟು ಬಾರದವರು ಬಲವಂತ ಮಾಡಬಾರದು. ಬಿಗಿತ ಸಿಗುವವರೆಗೆ ಮುಂದಕ್ಕೆ, ಮತ್ತೆ ಹಿಂದಕ್ಕೆ, ತೊಟ್ಟಿಲು ತೂಗಿದ ಹಾಗೆ 5 ನಿಮಿಷ ಆಡಿಸಿದರೆ ಸಾಕು. ಸೀಟನ್ನು ಒಂದು ತೂತು ಮೇಲೇರಿಸಿದರೆ ಸುತ್ತು ಬೇಗ ಸಿಗುತ್ತದೆ. ಮಡಚುವುದು ಸುಧಾರಿಸಿದ ಹಾಗೆ ಇಳಿಸಿಕೊಳ್ಳಬಹುದು. ಹಿಂದಕ್ಕೆ ತಿರುಗಿಸಿದಾಗ ಇದರ ಪೆಡಲ್ ಹಗುರವಾಗಿ ಓಡುತ್ತದೆ, ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಜಿಮ್‌ನ ಸ್ಪಿನ್ ಬೈಕ್‌ಗಳಲ್ಲಿ ಹೀಗಲ್ಲ. ಭಾರದ ಚಕ್ರ ಕಾಲನ್ನೇ ಎಳೆದುಕೊಂಡು ಹೋಗುತ್ತದೆ. ಬಿಗಿದ ಮಂಡಿಗೆ ಅದು ಖಂಡಿತ ಬೇಡ.

ಶುರುವಿಗೆ 1ನೇ ಹಂತ, ನಿಮಿಷಕ್ಕೆ 60 ಸುತ್ತು, 5ರಿಂದ 10 ನಿಮಿಷ. ಮೊದಲು ಸಮಯ ಹೆಚ್ಚಿಸಿ 20 ನಿಮಿಷ ಮುಟ್ಟಬೇಕು, ಬಿಗಿಯ ಮಾತು ಆಮೇಲೆ. ಎರಡನ್ನೂ ಒಂದೇ ವಾರ ಏರಿಸಿದರೆ ಊತ ಬಂದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಮಾರನೇ ಬೆಳಿಗ್ಗೆ ಮಂಡಿ ಊದಿದ್ದರೆ ಹಿಂದಿನ ದಿನದ್ದು ಜಾಸ್ತಿಯಾಯಿತೆಂದೇ ಲೆಕ್ಕ. ಶಸ್ತ್ರಚಿಕಿತ್ಸೆ ಆದವರಿಗೆ ಎಷ್ಟು ಡಿಗ್ರಿ ಮಡಚಬಹುದೆಂಬ ಮಿತಿ ಇರುತ್ತದೆ, ಅದನ್ನು ಫಿಸಿಯೋ ಹತ್ತಿರ ಕೇಳಿಯೇ ಹತ್ತಬೇಕು.

ಇನ್ನು ರಿಪೇರಿ. ಎಡ ಪೆಡಲಿನ ಮರೆ (ತಿರುಪಿನ ಸುರುಳಿ) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಬಲಕ್ಕೆ ಒತ್ತಿ ತಿರುಗಿಸಿದರೆ ಮರೆ ಸವೆದು ಪೆಡಲ್ ಕೂರುವ ತೋಳು, ಅಂದರೆ ಇಡೀ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ. ಮೊದಲ ವಾರದ ಬಳಿಕ 15 ಎಂ.ಎಂ. ಸ್ಪ್ಯಾನರ್‌ನಿಂದ ಎರಡೂ ಪೆಡಲ್ ಮತ್ತೊಮ್ಮೆ ಬಿಗಿ ಮಾಡಿ. ಸುತ್ತಿಗೊಮ್ಮೆ ಟಕ್ ಎನ್ನುವ ಸದ್ದು ಬಂದರೆ ಬೇರಿಂಗ್ ಹೋಯಿತೆಂದು ಹೆದರುವ ಮೊದಲು ಕ್ರ್ಯಾಂಕ್ ಬೋಲ್ಟ್ ನೋಡಿ. ಬಹುಪಾಲು ಸಡಿಲವಾಗಿರುವುದು ಅದೇ. ಪೆಡಲ್ ಪಟ್ಟಿ ತೂತಿನ ಹತ್ತಿರ ಹರಿಯುತ್ತದೆ, ಬದಲಿಸಿದರಾಯಿತು. ಡಿಸ್‌ಪ್ಲೇ ತೋರಿಸುವ ಕ್ಯಾಲರಿ ಅಂಕಿಯನ್ನು ನಂಬಬೇಡಿ, ಗಡಿಯಾರವಾಗಿ ಮಾತ್ರ ಅದು ಉಪಯೋಗ.

ನಡುವಿನ ಕಬ್ಬಿಣದ ಪಟ್ಟಿ ಎತ್ತರದಲ್ಲಿದೆ. ಊರುಗೋಲು ಬಿಡದವರಿಗೆ ಕಾಲೆತ್ತಿ ದಾಟುವುದೇ ತುಳಿಯುವುದಕ್ಕಿಂತ ಕಷ್ಟ. ಅಂಥವರು ಒರಗಿ ಕೂತು ತುಳಿಯುವ ಮಾದರಿಯನ್ನೇ ತೆಗೆದುಕೊಳ್ಳಲಿ.