ಒರೆಕಾ 07: ಮಿತಿಗಳ ನಡುವೆ ಗೆದ್ದ ಕಾರು

ಗಂಟೆಗಟ್ಟಲೆ ನಡೆಯುವ ಎಂಡ್ಯೂರೆನ್ಸ್ ರೇಸಿಂಗ್‌ನ ಪ್ರೊಟೊಟೈಪ್ ಕಾರುಗಳಲ್ಲಿ, ಅಂದರೆ ರೇಸಿಗೆಂದೇ ಕಟ್ಟಿದ ಕಾರುಗಳಲ್ಲಿ, ಖಾಸಗಿ ತಂಡವೊಂದು ಹಣ ತೆತ್ತು ಕೊಂಡು, ಮರುವಾರವೇ ರೇಸಿಗಿಳಿಸಬಹುದಾದ ಕಾರು ಯಾವುದೆಂದರೆ, 2017ರಿಂದ ಈಚೆಗೆ ಮೊದಲು ನೆನಪಾಗುವ ಹೆಸರು ಒರೆಕಾ 07. ಫ್ರಾನ್ಸಿನ ಈ ಎಲ್‌ಎಂಪಿ2 (ಲೆ ಮಾನ್ಸ್ ಪ್ರೊಟೊಟೈಪ್, ಎರಡನೇ ವರ್ಗ) ಕಾರನ್ನು ಅದಕ್ಕೆ ಆಕಾರ ಕೊಟ್ಟ ನಿಯಮಗಳಿಂದ ಬೇರ್ಪಡಿಸಿ ಅಳೆಯುವುದು ಸಾಧ್ಯವಿಲ್ಲ. ಹಾಗಾಗಿ ಈ ವಿಮರ್ಶೆ ಅರ್ಧ ಕಾರಿನದು, ಅರ್ಧ ನಿಯಮಪುಸ್ತಕದ್ದು.

ಎಲ್‌ಎಂಪಿ2 ಎಂಬುದು ಕಾರು ಕಂಪನಿಗಳ ದೊಡ್ಡ ತಂಡಗಳ ವರ್ಗವಲ್ಲ, ಖರ್ಚಿಗೆ ಕಡಿವಾಣ ಹಾಕಿಕೊಂಡ ಖಾಸಗಿ ತಂಡಗಳ ವರ್ಗ. 2017ರ ನಿಯಮಗಳು ಚಾಸಿ (ಕಾರಿನ ಮೂಲ ಚೌಕಟ್ಟು) ತಯಾರಿಸುವ ಹಕ್ಕನ್ನು ಒರೆಕಾ, ಲಿಜಿಯೆ, ಡಲ್ಲಾರಾ ಮತ್ತು ರೈಲಿ-ಮಲ್ಟಿಮ್ಯಾಟಿಕ್ ಎಂಬ ನಾಲ್ವರಿಗೆ ಮಾತ್ರ ಕೊಟ್ಟವು. ಎಂಜಿನ್ ಬಿಟ್ಟು ಉಳಿದ ಕಾರಿನ ಬೆಲೆ 4,83,000 ಯೂರೋ ಮೀರಬಾರದೆಂದು ಗೆರೆ ಎಳೆದವು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲರ ಬೆನ್ನಿಗೂ ಒಂದೇ ಎಂಜಿನ್: ಗಿಬ್ಸನ್ ಜಿಕೆ428, 4.2 ಲೀಟರಿನ ಟರ್ಬೊರಹಿತ ವಿ8, ಆರಂಭದಲ್ಲಿ ಸುಮಾರು 600 ಅಶ್ವಶಕ್ತಿ. ಕನಿಷ್ಠ ತೂಕ 930 ಕಿಲೊ. ಹೈಬ್ರಿಡ್ ವ್ಯವಸ್ಥೆ ಇಲ್ಲದಿರುವುದು ಇದರ ಬಡತನವೆಂದು ಕೆಲವರಿಗೆ ಅನ್ನಿಸಬಹುದು. ನನ್ನ ದೃಷ್ಟಿಯಲ್ಲಿ ಅದೇ ಇದರ ದೊಡ್ಡ ಗುಣ, ಏಕೆಂದರೆ ಇಪ್ಪತ್ತನಾಲ್ಕು ಗಂಟೆ ಓಡಬೇಕಾದ ಕಾರಿನಲ್ಲಿ ಕೆಡುವ ಭಾಗಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಇದಕ್ಕೆ ಸಾಕ್ಷಿ 2017ರ ಲೆ ಮಾನ್ಸ್, ಫ್ರಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ರೇಸ್. ಮೇಲಿನ ವರ್ಗವಾದ ಎಲ್‌ಎಂಪಿ1ರ ಅತಿ ವೇಗದ ಹೈಬ್ರಿಡ್‌ಗಳು ಒಂದೊಂದಾಗಿ ಕೈಕೊಟ್ಟಾಗ, ಜಾಕಿ ಚಾನ್ ಡಿಸಿ ರೇಸಿಂಗ್ ತಂಡದ 38ನೇ ಸಂಖ್ಯೆಯ ಒರೆಕಾ ಇಡೀ ರೇಸಿನಲ್ಲೇ ಮುನ್ನಡೆಗೆ ಬಂದಿತು. ಆರಂಭದಲ್ಲೇ ದುರಸ್ತಿಗೆಂದು ಒಂದು ಗಂಟೆಗೂ ಹೆಚ್ಚು ಕಾಲ ಕಳೆದುಕೊಂಡಿದ್ದ ಎಲ್‌ಎಂಪಿ1 ಕಾರು ಪೋರ್ಶೆ 919 ಕೊನೆಗೂ ಅದನ್ನು ಹಿಂದೆ ಹಾಕಿತಾದರೂ, ಒಟ್ಟಾರೆ ಎರಡನೆಯ ಮತ್ತು ಮೂರನೆಯ ಸ್ಥಾನಗಳು ಎರಡನೇ ವರ್ಗದ ಈ ಕಾರುಗಳಿಗೇ ದಕ್ಕಿದವು.

ಈಗ ಆಕ್ಷೇಪ. ಬೆಲೆ ಏರದಿರಲೆಂದು ವಿನ್ಯಾಸವನ್ನು ವರ್ಷಗಟ್ಟಲೆ ಬದಲಿಸದಂತೆ ಕಟ್ಟಿಹಾಕಿದರೆ, ಮೊದಲ ವರ್ಷ ಯಾರದು ಚೆನ್ನಾಗಿ ಬಂದಿತೋ ಅವರ ಮೇಲುಗೈಯೂ ಅದರೊಂದಿಗೇ ಗಟ್ಟಿಯಾಗುತ್ತದೆ. ಇದನ್ನು ಮನಗಂಡು 2018ಕ್ಕೆ ಉಳಿದ ಮೂವರಿಗೆ ಸುಧಾರಣೆಯ ಅವಕಾಶ ಕೊಡಲಾಯಿತು, ಒರೆಕಾಗೆ ಕೊಡಲಿಲ್ಲ. ಆದರೂ ತಂಡಗಳು ಒರೆಕಾದತ್ತಲೇ ಹೊರಳಿದವು. 2018 ಮತ್ತು 2019ರಲ್ಲಿ ಲೆ ಮಾನ್ಸ್‌ನ ಈ ವರ್ಗವನ್ನು ಗೆದ್ದ ಆಲ್ಪೀನ್ ಎ470 ಕೂಡ ಹೆಸರು ಬದಲಿಸಿದ ಒರೆಕಾ 07 ಆಗಿತ್ತು. ನಾಲ್ವರ ಪೈಪೋಟಿಗೆಂದು ಬರೆದ ನಿಯಮ ಒಬ್ಬರ ಅಂಗಡಿಯಾಯಿತು. ಕೊಳ್ಳುವ ತಂಡಕ್ಕೆ ಇದರಿಂದ ನಷ್ಟವೇನಿಲ್ಲ: ಬಿಡಿಭಾಗಕ್ಕೆ ಕೊರತೆಯಿಲ್ಲ, ಸೆಟಪ್ ಬಲ್ಲ ಎಂಜಿನಿಯರುಗಳು ಹೇರಳ. ಒಂದೇ ಆಕಾರ, ಒಂದೇ ಸದ್ದಿನ ಇಪ್ಪತ್ತು ಕಾರುಗಳಲ್ಲಿ ತನ್ನ ಮೆಚ್ಚಿನದನ್ನು ಬಣ್ಣ ನೋಡಿ ಹುಡುಕಬೇಕಾದ ಪ್ರೇಕ್ಷಕನಿಗೆ ಮಾತ್ರ ಬೇಸರ.

2021ರ ಬದಲಾವಣೆ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಮೇಲಿನ ವರ್ಗವಾಗಿ ಹೊಸದಾಗಿ ಬಂದ ಹೈಪರ್‌ಕಾರ್ ವರ್ಗವನ್ನು ಹಳೆಯ ಎಲ್‌ಎಂಪಿ1ಗಿಂತ ಬೇಕೆಂದೇ ನಿಧಾನವಾಗಿ ರೂಪಿಸಲಾಗಿತ್ತು. ಅದರ ಮರ್ಯಾದೆ ಉಳಿಸಲು ಎಲ್‌ಎಂಪಿ2ರ ಎಂಜಿನ್ ಶಕ್ತಿಯನ್ನು ಕಡಿತಗೊಳಿಸಿ, ಕನಿಷ್ಠ ತೂಕವನ್ನು 950 ಕಿಲೊಗೆ ಏರಿಸಿದರು. ಕಾರಿನಲ್ಲಿ ದೋಷವಿರಲಿಲ್ಲ, ಅದು ಅಗತ್ಯಕ್ಕಿಂತ ಚೆನ್ನಾಗಿತ್ತು ಅಷ್ಟೆ.

ಹೈಪರ್‌ಕಾರ್‌ಗಳ ಸಂಖ್ಯೆ ಬೆಳೆದು ಜಾಗ ಸಾಲದಾದಾಗ, 2024ರಿಂದ ವಿಶ್ವ ಚಾಂಪಿಯನ್‌ಶಿಪ್ ಈ ವರ್ಗವನ್ನು ಕೈಬಿಟ್ಟಿತು. ಲೆ ಮಾನ್ಸ್‌ನಲ್ಲಿ ಸ್ಥಾನ ಉಳಿದಿದೆ. ಯುರೋಪಿಯನ್ ಸರಣಿಯಲ್ಲೂ ಅಮೆರಿಕದ ಇಮ್ಸಾ ಸರಣಿಯಲ್ಲೂ ಒರೆಕಾ 07 ಓಡುತ್ತಲೇ ಇದೆ. ತಂಡದಲ್ಲಿ ಸಿಲ್ವರ್ ಅಥವಾ ಬ್ರಾಂಜ್ ದರ್ಜೆಯ (ಚಾಲಕರ ಶ್ರೇಣಿಯಲ್ಲಿ ಕೆಳಗಿನ ಎರಡು ದರ್ಜೆಗಳು) ಚಾಲಕನೊಬ್ಬ ಇರಲೇಬೇಕಾದ ಈ ವರ್ಗದಲ್ಲಿ, ವೃತ್ತಿಪರನಲ್ಲದವನ ಕೈಯಲ್ಲೂ ಮುನಿಸಿಕೊಳ್ಳದ ಕಾರು ಬೇಕೆನ್ನುವವರು ಇದನ್ನೇ ಕೊಳ್ಳಲಿ. ಸ್ವಂತ ವಿನ್ಯಾಸದ ಆಸೆಯುಳ್ಳ ತಂಡಕ್ಕೆ ಎಲ್‌ಎಂಪಿ2 ಸರಿಯಾದ ಜಾಗವಲ್ಲ.