ಬ್ರಿಸ್ಬೇನ್ ಯುದ್ಧನೌಕೆ ಡೈವ್: ಹಡಗಿಗೆ ಪೂರ್ತಿ ಮಾರ್ಕ್ಸ್, ಅಂಗಡಿಗೆ ಅರ್ಧ

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿರುವ ನಮ್ಮವರು ಯಾರಾದರೂ ಇದ್ದರೆ, ಅಲ್ಲಿನ ಕರಾವಳಿ ಊರು ಮೂಲೂಲಬಾಗೆ ಒಮ್ಮೆ ಹೋಗಲೇಬೇಕು. ಆಸ್ಟ್ರೇಲಿಯಾ ನೌಕಾಪಡೆಯ 133 ಮೀಟರ್ ಉದ್ದದ ಡೆಸ್ಟ್ರಾಯರ್ (ವೇಗದ ಯುದ್ಧನೌಕೆ) ಎಚ್‌ಎಂಎಎಸ್ ಬ್ರಿಸ್ಬೇನ್ ಅಲ್ಲಿ ನೀರೊಳಗೆ ನೆಟ್ಟಗೆ ನಿಂತಿದೆ. 2005ರ ಜುಲೈ 31ರಂದು ಸ್ಫೋಟಕ ಇಟ್ಟು ಬೇಕೆಂದೇ ಮುಳುಗಿಸಿದ್ದು.

ನಾನು ಹೋದದ್ದು ಆಗಸ್ಟ್‌ನಲ್ಲಿ. ಹಗ್ಗ ಹಿಡಿದು ಇಳಿದ ಸ್ವಲ್ಪ ಹೊತ್ತಿಗೇ ಚಿಮಣಿ ಕಾಣಿಸಿತು. ಅದರ ತುದಿ ನಾಲ್ಕೈದು ಮೀಟರ್ ಆಳದಲ್ಲೇ ಇದೆ, ಸಮುದ್ರದ ತಳ ಸುಮಾರು 27 ಮೀಟರ್. ಡೈವರ್‌ಗಳಿಗಾಗಿ ಪಕ್ಕದ ಉಕ್ಕನ್ನು ಕತ್ತರಿಸಿ ದಾರಿ ಮಾಡಿದ್ದಾರೆ. ಎಂಜಿನ್ ರೂಮಿನಲ್ಲಿ ಟಾರ್ಚ್ ಹಾಕಿದರೆ ಗಾಜಿನಂಥ ಪುಟ್ಟ ಮೀನುಗಳು ಪರದೆ ಸರಿದ ಹಾಗೆ ಎರಡು ಪಾಲಾದವು. ಹಿಂದೆ ಪೈಪು, ಕಬ್ಬಿಣದ ಮೆಟ್ಟಿಲು, ತುಕ್ಕು. ಅದೇ ಹೊತ್ತಿಗೆ ದೂರದಿಂದ ತಿಮಿಂಗಿಲದ ಕೂಗು ಬೇರೆ! ಆಗಸ್ಟ್ ಅಲ್ಲಿ ಚಳಿಗಾಲ, ಆಗ ಹಂಪ್‌ಬ್ಯಾಕ್ ತಿಮಿಂಗಿಲಗಳು ಈ ಕರಾವಳಿಯಲ್ಲೇ ಹಾದುಹೋಗುತ್ತವೆ.

ಡೈವಿಂಗಿಗೆ ಕರೆದುಕೊಂಡು ಹೋದ ಅಂಗಡಿಯ ಬಗ್ಗೆ ಹೇಳೋದಾದ್ರೆ, ಸುರಕ್ಷತೆಯಲ್ಲಿ ಒಂದು ಮಾತೂ ಆಡುವ ಹಾಗಿಲ್ಲ. ಬಾಡಿಗೆ ವೆಟ್‌ಸೂಟಿನ (ನೀರಲ್ಲಿ ಚಳಿ ತಡೆಯೋ ರಬ್ಬರ್ ಉಡುಪು) ಜಿಪ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ದೊಡ್ಡ ತಕರಾರು ಇಳಿಯುವ ಮುಂಚಿನ ಬ್ರೀಫಿಂಗ್ ಮೇಲೆ. ಪೂರ್ತಿ ಮೀನಿನ ಪುರಾಣ, ಹಡಗಿನ ಸುದ್ದಿಯೇ ಇಲ್ಲ. ಒಬ್ಬರು "ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಎಲ್ಲಿ?" ಅಂತ ಕೇಳಿದರು. ಗೈಡ್ ನಕ್ಕು ಸುಮ್ಮನಾದ. ಅದು ಕ್ಯಾನ್‌ಬೆರಾದ ವಾರ್ ಮೆಮೋರಿಯಲ್‌ನಲ್ಲಿದೆ ಸ್ವಾಮಿ, ಜೊತೆಗೆ ಒಂದು ಐದಿಂಚಿನ ತೋಪೂ ಇದೆ!

ಇಂಥ ಹಡಗನ್ನು ಕಥೆ ಗೊತ್ತಿಲ್ಲದೆ ನೋಡಿದರೆ ಬರೀ ಕಬ್ಬಿಣ, ಅಲ್ವಾ? ಇದು ಅಮೆರಿಕದ ಚಾರ್ಲ್ಸ್ ಎಫ್. ಆಡಮ್ಸ್ ಕ್ಲಾಸಿನದು (ಒಂದೇ ವಿನ್ಯಾಸದ ಹಡಗುಗಳ ಗುಂಪು), ಕಟ್ಟಿದ್ದು ಮಿಶಿಗನ್‌ನ ಬೇ ಸಿಟಿಯಲ್ಲಿ. 1967ರಲ್ಲಿ ಸೇವೆಗೆ ಬಂತು, ವಿಯೆಟ್ನಾಂ ಕಂಡಿತು, 1991ರ ಕೊಲ್ಲಿ ಯುದ್ಧವನ್ನೂ ಕಂಡಿತು. ನಾಲ್ಕು ಬಾಯ್ಲರ್, ಹಬೆಯ ಟರ್ಬೈನ್. ಅಮೆರಿಕ ಈ ಕ್ಲಾಸನ್ನು ಕೈಬಿಟ್ಟ ಮೇಲೆ ಬಿಡಿಭಾಗ ಎಲ್ಲಿಂದ ತರೋದು? ಆಸ್ಟ್ರೇಲಿಯಾ 1993ರಲ್ಲಿ ಅದೇ ಕ್ಲಾಸಿನ ಅಮೆರಿಕದ ನಿವೃತ್ತ ಗೋಲ್ಡ್ಸ್‌ಬರೋ ಹಡಗನ್ನೇ ಬಿಚ್ಚಿಕೊಳ್ಳೋಕೆ ಕೊಂಡುಕೊಂಡಿತು. ಹೀಗೆ ತೇಪೆ ಹಾಕಿಕೊಂಡೇ ಬ್ರಿಸ್ಬೇನ್ 2001ರವರೆಗೆ ಓಡಿತು. ಆಸ್ಟ್ರೇಲಿಯಾದ ಬಳಿಯಿದ್ದ ಇದೇ ಕ್ಲಾಸಿನ ಪರ್ತ್, ಹೋಬಾರ್ಟ್ ಹಡಗುಗಳನ್ನೂ ಡೈವರ್‌ಗಳಿಗೆಂದೇ ಮುಳುಗಿಸಿದ್ದಾರೆ. ಇಡೀ ಕ್ಲಾಸಿನಲ್ಲಿ ಇವತ್ತಿಗೂ ನೀರಿನ ಮೇಲಿರುವುದು ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್‌ನ ಮ್ಯೂಸಿಯಂ ಹಡಗು ಮೋಲ್ಡರ್ಸ್ ಒಂದೇ.

ಇದರಲ್ಲಿ ಕಾಲು ಭಾಗ ಹೇಳಿದ್ದರೂ ಕೊಟ್ಟ ಡಾಲರ್ ವಸೂಲಾಗುತ್ತಿತ್ತು.

ಹೋಗುವವರು ಎರಡು ಡೈವ್ ಇರುವ ಟ್ರಿಪ್ಪನ್ನೇ ತಗೊಳ್ಳಿ. ಮೊದಲನೆಯದು ಹೊರಗಿನ ಸುತ್ತಿಗೇ ಮುಗಿದುಹೋಗುತ್ತೆ. ಬರೀ ಓಪನ್ ವಾಟರ್ ಕಾರ್ಡ್ (ಡೈವಿಂಗಿನ ಮೊದಲ ಹಂತದ ಪ್ರಮಾಣಪತ್ರ) ಇದ್ದವರು ಮೇಲ್ಭಾಗ ಆರಾಮಾಗಿ ನೋಡಬಹುದು. ಎಂಜಿನ್ ರೂಮಿನ ಆಸೆ ಇದ್ದರೆ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿಕೊಂಡು ಹೋಗಿ. ವೆಟ್‌ಸೂಟ್ ನಿಮ್ಮದೇ ಇದ್ದರೆ ಒಳ್ಳೇದು.