ಮಲ್ಪೆಯಿಂದ ಬಲಕ್ಕೋ ಎಡಕ್ಕೋ? ಎರಡು ಸೈಕಲ್ ಸುತ್ತುಗಳ ಹೋಲಿಕೆ

ಉಡುಪಿಯಿಂದ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿದರೆ ಮಲ್ಪೆ ತನಕ ಏನೂ ಯೋಚನೆ ಇಲ್ಲ. ಆರು ಕಿಲೋಮೀಟರ್ ಆಸುಪಾಸು, ನೇರ ದಾರಿ. ಬಂದರಿನ ಮೀನಿನ ವಾಸನೆ ಮೂಗಿಗೆ ಬಡಿದಾಗ ಪ್ರಶ್ನೆ ಬರುತ್ತದೆ. ಬಲಕ್ಕೆ ತಿರುಗಿ ಹೂಡೆ, ಕೋಡಿಬೆಂಗ್ರೆ ಕಡೆಗಾ? ಎಡಕ್ಕೆ ಸೇತುವೆ ದಾಟಿ ಪಡುಕೆರೆ, ಮಟ್ಟು, ಕಾಪು ಕಡೆಗಾ?

ಕಳೆದ ಚಳಿಗಾಲವಿಡೀ ಎರಡನ್ನೂ ಒಂದಾದ ಮೇಲೊಂದು ಸುತ್ತಿದ್ದೇನೆ. ನನ್ನದು 28 ಎಂಎಂ ಟೈರಿನ ರೋಡ್ ಬೈಕು. ವಯಸ್ಸು ನಲವತ್ತು ದಾಟಿದೆ, ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿದೆ. ಎರಡೂ ಸುತ್ತು ನನ್ನ ಮೀಟರಿನಲ್ಲಿ 40 ಕಿ.ಮೀ. ಒಳಗೇ ಮುಗಿಯುತ್ತವೆ. ಎರಡರಲ್ಲೂ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಏರು ಅನ್ನುವಂಥದ್ದು ಸೇತುವೆಗಳು ಮಾತ್ರ. ನಕ್ಷೆಯಲ್ಲಿ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕಾಲಿಗೆ ಹಾಗಲ್ಲ.

ಎಡದ ದಾರಿ ಮೊದಲು ಹೇಳುತ್ತೇನೆ, ಯಾಕಂದ್ರೆ ನನಗೆ ಮೊದಲು ಇಷ್ಟ ಆಗಿದ್ದು ಅದೇ. ಉದ್ಯಾವರ ಹೊಳೆಯ ಮೇಲಿನ ಸೇತುವೆಯ ನೆತ್ತಿಯಲ್ಲಿ ನಿಂತರೆ ಕೆಳಗೆ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ. ಇಳಿದರೆ ಪಡುಕೆರೆ. ಸಪೂರ ದಾರಿ, ಎರಡೂ ಕಡೆ ತೆಂಗು. ಎಲ್ಲಿ ಅಂಗಳ ಮುಗಿಯಿತು, ಎಲ್ಲಿ ರಸ್ತೆ ಶುರುವಾಯಿತು ಅಂತ ಗೊತ್ತಾಗಲ್ಲ. ಬಲೆ ಹರಡಿರುತ್ತಾರೆ, ಮೀನು ಒಣಗಿಸಿರುತ್ತಾರೆ, ಅದರ ಪಕ್ಕ ನಾಯಿ ಕಾವಲು ಕೂತಿರುತ್ತದೆ. ಒಮ್ಮೆ ಜೋರಾಗಿ ಬಂದವನನ್ನು ನೋಡಿ ಮೀನು ತಿರುವುತ್ತಿದ್ದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರು. "ನಿಧಾನ ಹೋಗಿ ಮಾರಾಯ್ರೇ, ಕಡಲು ಎಲ್ಲಿಗೂ ಓಡುವುದಿಲ್ಲ." ಅಂದಿನಿಂದ ಇಲ್ಲಿ 18, 20ರ ಮೇಲೆ ಹೋಗಿಲ್ಲ.

ಮಟ್ಟು ಬಂದರೆ ಗದ್ದೆಗಳಲ್ಲಿ ಗುಳ್ಳ. 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ ಬದನೆ ಇದೇ. ವಾದಿರಾಜರು ಕೊಟ್ಟ ಬೀಜ ಅನ್ನುವುದು ಊರಿನ ನಂಬಿಕೆ. ತಿಳಿ ಹಸಿರು, ಚೆಂಡಿನ ಹಾಗೆ ದುಂಡಗೆ, ಮೈಮೇಲೆ ಬಿಳಿ ಗೀಟು. ಮೂರು ಕೊಂಡು ಜೆರ್ಸಿಯ ಹಿಂದಿನ ಜೇಬಿಗೆ ಹಾಕಿಕೊಂಡಿದ್ದೆ. ತೊಟ್ಟಿನಲ್ಲಿ ಮುಳ್ಳಿರುತ್ತದೆ ಅಂತ ಆಗ ನೆನಪಾಗಲಿಲ್ಲ. ಕಾಪು ತನಕ ಪ್ರತಿ ಪೆಡಲಿಗೂ ಬೆನ್ನಿಗೆ ಚುಚ್ಚುತ್ತಿತ್ತು.

ಆಮೇಲೆ ಕೈಪುಂಜಾಲು, ಉಳಿಯಾರಗೋಳಿ ದಾಟಿ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ನಾನು ಹೋದ ಹೊತ್ತಿಗೆ ಬಾಗಿಲು ಹಾಕಿತ್ತು, ಬುಡದಲ್ಲೇ ಕೂತು ಬೊಂಡ ಕುಡಿದೆ. ಇಲ್ಲಿವರೆಗೆ ಎಡದ ದಾರಿಗೆ ಹತ್ತಕ್ಕೆ ಹತ್ತು.

ತಾಪತ್ರಯ ಇರುವುದು ವಾಪಸ್ ಬರುವಾಗ. ಕಾಪುವಿನಿಂದ ಪಾಂಗಾಳ, ಕಟಪಾಡಿ, ಉದ್ಯಾವರ, ಅಂದರೆ ಹೆದ್ದಾರಿ 66. ಲಾರಿ, ಎಕ್ಸ್‌ಪ್ರೆಸ್ ಬಸ್ಸು, ರಾಂಗ್ ಸೈಡಿನಲ್ಲಿ ನಗುತ್ತಾ ಬರುವ ಸ್ಕೂಟರು. ಅದೂ ಸಹಿಸಬಹುದು. ಗಾಳಿಯದ್ದೇ ಕಷ್ಟ. ಚಳಿಗಾಲದಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿನ ಕಡೆಗೆ ತಣ್ಣಗೆ ಸಣ್ಣ ಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ ಕಡಲಿನಿಂದ ಬೀಸುತ್ತದೆ, ನಮ್ಮಲ್ಲಿ ಹೆಚ್ಚಾಗಿ ವಾಯವ್ಯದಿಂದ. ನೀವು ಉತ್ತರಕ್ಕೆ ಮುಖ ಮಾಡಿ ಉಡುಪಿಗೆ ಬರುವ ಹೊತ್ತಿಗೆ ಸರಿಯಾಗಿ ಅದು ಮುಖಕ್ಕೇ. ಸಪಾಟು ದಾರಿಯಲ್ಲಿ ಘಾಟಿ ಹತ್ತುವ ಗೇರು ಹಾಕಿಕೊಂಡು 14ರ ವೇಗದಲ್ಲಿ ಏದುಸಿರು ಬಿಟ್ಟಿದ್ದೇನೆ. ನಾಚಿಕೆ ಆಯಿತು.

ಬಲದ ದಾರಿ ಮೊದಲ ಸಲ ಅಷ್ಟೇನೂ ಹಿಡಿಸಲಿಲ್ಲ. ವಡಭಾಂಡೇಶ್ವರದ ಹತ್ತಿರ ಪ್ರವಾಸಿಗಳ ಗದ್ದಲ, ತೊಟ್ಟಂ ದಾಟುವ ತನಕ ಹಂಪ್ ಮೇಲೆ ಹಂಪ್. ಹೂಡೆ ಕಳೆದ ಮೇಲೆ ನೆಲ ಸಣ್ಣದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ನದಿ, ನಡುವೆ ಒಂದೇ ರಸ್ತೆ. ಕೆಲವು ಕಡೆ ಸೈಕಲ್ ಮೇಲೆ ಕೂತೇ ಎರಡೂ ನೀರು ನೋಡಬಹುದು. ಕಡಲಿನ ಬದಿ ಅಲೆಯ ಮೊರೆತ, ಹೊಳೆಯ ಬದಿ ದೋಣಿಯೊಂದು ಅಲ್ಲಾಡದೆ ನಿಂತಿರುತ್ತದೆ. ಕೊನೆಗೆ ಕೋಡಿಬೆಂಗ್ರೆಯ ತುದಿ. ಸೀತಾ, ಸ್ವರ್ಣಾ ಎರಡೂ ಇಲ್ಲೇ ಕಡಲು ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ.

ಇದು ಪೂರ್ತಿ ಸುತ್ತಲ್ಲ ಅನ್ನುವ ತಕರಾರು ಇದೆ, ಸರಿಯೇ. ತುದಿಯಿಂದ ಹೂಡೆ ತನಕ ಬಂದ ದಾರಿಯಲ್ಲೇ ತಿರುಗಬೇಕು. ಆದರೆ ಆಗ ಗಾಳಿ ಬೆನ್ನಿಗಿರುತ್ತದೆ! ಎಡದ ದಾರಿಯಲ್ಲಿ ಮುಖಕ್ಕೆ ಹೊಡೆದ ಅದೇ ಗಾಳಿ ಇಲ್ಲಿ ಹಿಂದಿನಿಂದ ದೂಡುತ್ತದೆ. ಸುಮ್ನೆ ಪೆಡಲ್ ಆಡಿಸಿದರೂ 27, 28 ಸಿಗುತ್ತದೆ. ಹೂಡೆಯಿಂದ ಒಳಕ್ಕೆ ಕೆಮ್ಮಣ್ಣು. ತಿಮ್ಮಣ್ಣ ಕುದ್ರುವಿನ ತೂಗುಸೇತುವೆ ನೋಡಿ (ಸೈಕಲ್ ಈಚೆಗೇ ಇಟ್ಟು ನಡೆದು ಹೋಗಿ), ನೇಜಾರು, ಸಂತೆಕಟ್ಟೆ. ಹೆದ್ದಾರಿ ಇಲ್ಲೂ ಇದೆ, ಆದರೆ ಅಂಬಾಗಿಲು ತನಕ ಸ್ವಲ್ಪವೇ. ಅಲ್ಲಿಂದ ಒಳದಾರಿಯಲ್ಲಿ ಕಲ್ಸಂಕ.

ಪಂಚರ್ ಆಗಿದ್ದು ಎಡದ ದಾರಿಯಲ್ಲಿ, ಪಡುಕೆರೆಯ ನಟ್ಟನಡುವೆ. ಟ್ಯೂಬ್ ಇತ್ತು, ಆದರೆ ಅದರ ವಾಲ್ವ್ ದಪ್ಪದ್ದು, ನನ್ನ ರಿಮ್ಮಿನ ತೂತು ಸಣ್ಣದು. ಅಂಗಡಿಯಲ್ಲಿ ಕೊಟ್ಟದ್ದನ್ನು ಬಿಚ್ಚಿ ನೋಡದೆ ತಂದವನು ನಾನೇ. ಮಲ್ಪೆ ತನಕ ದೂಡಿಕೊಂಡು ಬಂದೆ. ಮರಳು, ಉಪ್ಪುಗಾಳಿ ಎರಡೂ ಕಡೆ ಸಮ. ಮನೆಗೆ ಬಂದ ದಿನವೇ ಚೈನ್ ಒರೆಸಿ ಎಣ್ಣೆ ಬಿಡದಿದ್ದರೆ ಒಂದೇ ವಾರದಲ್ಲಿ ಕೆಂಪಗಾಗುತ್ತದೆ.

ಮರವಂತೆಗೆ ಯಾಕೆ ಹೋಗಲ್ಲ ಅಂತ ಕೇಳುವವರು ಇದ್ದಾರೆ. ಸೌಪರ್ಣಿಕಾ ಒಂದು ಕಡೆ, ಕಡಲು ಇನ್ನೊಂದು ಕಡೆ, ಚಂದ ಹೌದು. ಆದರೆ ನಡುವೆ ಇರುವುದು ಅದೇ ಹೆದ್ದಾರಿ. ಉಡುಪಿಯಿಂದ 50 ಕಿ.ಮೀ. ಮೇಲೆ, ಸೈಕಲನ್ನು ಕಾರಿಗೆ ಕಟ್ಟಿಕೊಂಡು ಹೋಗಬೇಕು. ಒಮ್ಮೆ ಹೋಗಿ ಫೋಟೋ ತೆಗೆದು ಬಂದೆ, ಸಾಕಾಯಿತು.

ಎಡದ ದಾರಿಯನ್ನು ಹಾಗೇ ಬಿಡಲು ಮನಸ್ಸಾಗದೆ ಜನವರಿಯಲ್ಲಿ ಉಲ್ಟಾ ಸುತ್ತಿ ನೋಡಿದೆ. ಐದೂಮುಕ್ಕಾಲಿಗೆ ದೀಪ ಹಾಕಿಕೊಂಡು ಮೊದಲು ಹೆದ್ದಾರಿ ಮುಗಿಸಿದೆ. ಲಾರಿಗಳು ಕಡಿಮೆ, ಗಾಳಿ ಇಲ್ಲ. ಕಾಪುವಿನಲ್ಲಿ ಬೆಳಕಾಯಿತು. ಒಂಬತ್ತರೊಳಗೆ ಮಲ್ಪೆ ಸೇತುವೆ ಹತ್ತಿದ್ದೆ. ಆ ದಿನ ಅದು ಬಲದ ದಾರಿಗಿಂತ ಒಂದು ಕೈ ಮೇಲೆಯೇ ಇತ್ತು. ಮುಂದಿನ ವಾರ ಏಳೂವರೆಗೆ ಹೊರಟೆ, ಮತ್ತೆ ಅದೇ ರಗಳೆ. ಹೆದ್ದಾರಿ ತುಂಬಿತ್ತು, ಮಟ್ಟುವಿನಿಂದಾಚೆ ಎದುರುಗಾಳಿ.

ಹಾಗಾಗಿ ನನ್ನ ಲೆಕ್ಕ ಹೀಗೆ. ತಡವಾಗಿ ಏಳುವವರು, ಹೊಸಬರು, ಮಕ್ಕಳ ಜೊತೆ ಹೋಗುವವರು ಬಲಕ್ಕೇ ಹೋಗಿ. ನಸುಕಿಗೆ ಎದ್ದು ಹೊರಡುವ ಹಟ ಇದ್ದರೆ ಎಡದ ದಾರಿ, ಅದೂ ಉಲ್ಟಾ. ಮಣಿಪಾಲದಿಂದ ಬರುವವರು ಯಾವುದನ್ನೇ ಸುತ್ತಿ, ಕೊನೆಗೆ ಇಂದ್ರಾಳಿಯಿಂದಾಚೆಯ ಏರಿಗೆ ಸ್ವಲ್ಪ ಕಾಲು ಉಳಿಸಿಕೊಳ್ಳಿ.

ನಾನು ಈಗ ಹೆಚ್ಚಾಗಿ ಬಲಕ್ಕೇ ಹೋಗುತ್ತೇನೆ. ಗುಳ್ಳದ ಕಾಲ ಬಂದಾಗ ಮಾತ್ರ ಹಿಂದಿನ ರಾತ್ರಿಯೇ ಹೆಂಡತಿ ಹ್ಯಾಂಡಲಿಗೆ ಬಟ್ಟೆ ಚೀಲ ಕಟ್ಟಿಟ್ಟಿರುತ್ತಾಳೆ. ಆಗ ಅಲಾರಂ ಐದಕ್ಕೆ.